ವಿಯೆಟ್ನಾಮಿ ಮಗುವಿನ ಮಾತು ಯಾರಿಗೆ, ಎಷ್ಟು ಅರ್ಥವಾಗುತ್ತದೆ? ಅಳೆಯುವ ಬಗೆ ಹೀಗೆ

ಮೈಸೂರಿನಲ್ಲೋ ಮಂಗಳೂರಿನಲ್ಲೋ ವಾಕ್ ಚಿಕಿತ್ಸೆ ಓದಿ ಸಿಡ್ನಿ, ಮೆಲ್ಬರ್ನ್ ಕಡೆ ಕೆಲಸಕ್ಕೆ ಹೋದವರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ನಾಲ್ಕು ವರ್ಷದ ವಿಯೆಟ್ನಾಮಿ ಮಗು ಬಂದಿದೆ. ಅಮ್ಮನಿಗೆ ಎಲ್ಲ ತಿಳಿಯುತ್ತದಂತೆ, ಟೀಚರಿಗೆ ಏನೂ ತಿಳಿಯುವುದಿಲ್ಲವಂತೆ. ನನಗೆ ಆ ಭಾಷೆಯ ಗಂಧವೇ ಇಲ್ಲ. ಯಾರ ಮಾತು ನಂಬಲಿ?’

ಈ ಪ್ರಶ್ನೆ ಮತ್ತೆ ಮತ್ತೆ ಬರುವುದು ಸಹಜ. 2021ರ ಜನಗಣತಿಯ ಪ್ರಕಾರ ಆಸ್ಟ್ರೇಲಿಯಾದಲ್ಲಿ ಮನೆಯೊಳಗೆ ವಿಯೆಟ್ನಾಮಿ ಮಾತನಾಡುವವರು 3.2 ಲಕ್ಷದಷ್ಟಿದ್ದಾರೆ. ಸಿಡ್ನಿಯ ಕಬ್ರಮಟ್ಟಾ, ಮೆಲ್ಬರ್ನಿನ ಫುಟ್‌ಸ್ಕ್ರೇ, ಸ್ಪ್ರಿಂಗ್‌ವೇಲ್ ಕಡೆ ಕ್ಲಿನಿಕ್ ಇದ್ದರೆ ಈ ಮಕ್ಕಳು ಬಂದೇ ಬರುತ್ತಾರೆ. ಒಬ್ಬೊಬ್ಬರಿಗೆ ಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೆಡೆ ಇಡುತ್ತಿದ್ದೇನೆ.

ಮೊದಲು ಎರಡು ಮಾತು ಬಿಡಿಸಿಕೊಳ್ಳಿ

‘ಉಚ್ಚಾರಣಾ ತೊಂದರೆ’ ಎಂದರೆ ವಯಸ್ಸಿಗೆ ತಕ್ಕಂತೆ ಧ್ವನಿಗಳು ಮಗುವಿನ ಬಾಯಲ್ಲಿ ಕೂರದಿರುವುದು: ಒಂದರ ಬದಲು ಇನ್ನೊಂದು ಬರುವುದು, ಕೆಲವು ಬಿದ್ದೇಹೋಗುವುದು. ಕನ್ನಡದಲ್ಲಿ ನಾವು ಇದನ್ನೂ ಉಗ್ಗನ್ನೂ ಸೇರಿಸಿ ‘ತೊದಲು’ ಅಂದುಬಿಡುತ್ತೇವೆ. ವಿಯೆಟ್ನಾಮಿನಲ್ಲಿ ಇವೆರಡಕ್ಕೂ ಬೇರೆ ಹೆಸರಿದೆ. ಉಚ್ಚಾರ ತಪ್ಪುವುದು ‘ನೋಯ್ ಙೊಂಗ್’, ಉಗ್ಗುವುದು ‘ನೋಯ್ ಲಾಪ್’. ತಾಯಿ ಯಾವ ಪದ ಬಳಸಿದರು ಎಂದು ದುಭಾಷಿಯನ್ನು ಕೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

‘ಅರ್ಥವಾಗುವಿಕೆ’ ಬೇರೆಯೇ ಅಳತೆ. ಮಗು ಎಷ್ಟು ಧ್ವನಿಗಳನ್ನು ತಪ್ಪು ಹೇಳುತ್ತದೆ ಎಂಬುದಲ್ಲ, ಹೇಳಿದ್ದರಲ್ಲಿ ಎಷ್ಟು ಭಾಗ ಕೇಳುವವರಿಗೆ ದಕ್ಕಿತು ಎಂಬುದು. ಹೀಗಾಗಿ ಈ ಅಂಕದಲ್ಲಿ ಮಗುವಿನ ಪಾಲು ಎಷ್ಟೋ, ಕೇಳುಗರ ಪಾಲೂ ಅಷ್ಟೇ. ತಪ್ಪುಗಳು ಎಷ್ಟೆಂದು ಎಣಿಸಿ ಅದನ್ನೇ ಅರ್ಥವಾಗುವಿಕೆ ಎಂದು ವರದಿಯಲ್ಲಿ ಬರೆಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ಸರಿಯಲ್ಲ.

ವಿಯೆಟ್ನಾಮಿ ಏಕೆ ಪಟ್ಟು ಸಡಿಲಿಸುವುದಿಲ್ಲ

ಕನ್ನಡದ ಮಗು ‘ಪುಸ್ತಕ’ಕ್ಕೆ ‘ಪುತ್ತಕ’ ಎಂದರೆ ಅಂಗಡಿಯವನಿಗೂ ತಿಳಿಯುತ್ತದೆ. ನಮ್ಮ ಪದಗಳು ಉದ್ದ. ಒಂದು ಅಕ್ಷರ ಹೋದರೂ ಉಳಿದವು ಕೈ ಹಿಡಿಯುತ್ತವೆ. ವಿಯೆಟ್ನಾಮಿಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಮಾತಿನ ಘಟಕವೇ ಒಂದು ಉಚ್ಚಾರಾಂಶ, ಅಂದರೆ ಒಂದು ಸ್ವರದ ಸುತ್ತ ಒಂದೇ ಉಸಿರಿಗೆ ಬರುವ ತುಣುಕು. ಅವರು ಅದನ್ನು ‘ತಿಯೆಂಗ್’ ಎನ್ನುತ್ತಾರೆ. ಮುಂದೊಂದು ವ್ಯಂಜನ, ನಡುವೆ ಸ್ವರ, ಹಿಂದೊಂದು ವ್ಯಂಜನ, ಮೇಲೆ ಒಂದು ಟೋನ್ (ದನಿಯ ಏರಿಳಿತ). ನಮ್ಮ ‘ಸ್ತ’, ‘ಕ್ರ’ ತರಹದ ಒತ್ತಕ್ಷರವಿಲ್ಲ. ಇರುವುದೇ ಮೂರು ನಾಲ್ಕು ಬಿಡಿಭಾಗ, ಒಂದು ಕಳಚಿದರೂ ಬೇರೆ ಪದವಾಗುತ್ತದೆ.

‘ಕಾ’ ಎಂದು ದನಿ ಏರಿಸಿದರೆ ಮೀನು. ‘ಕ’ ಬಾರದ ಮಗು ‘ತಾ’ ಎನ್ನುತ್ತದೆ, ಅದಕ್ಕೆ ಡಜನ್ ಎಂಬ ಅರ್ಥ. ‘ಹಾತ್’ ಎಂದರೆ ಹಾಡು. ಕೊನೆಯ ‘ತ್’ ಬಿದ್ದು ‘ಹಾ’ ಆದರೆ ‘ಬಾಯಿ ತೆರೆ’ ಎಂದಾಗುತ್ತದೆ. ತಪ್ಪು ಸಣ್ಣದು, ಕೇಳುವವರ ಗೊಂದಲ ದೊಡ್ಡದು.

ಟೋನ್ ಎಂದರೆ ದನಿಯ ಏರಿಳಿತದಿಂದಲೇ ಪದದ ಅರ್ಥ ಬದಲಾಗುವುದು. ಉತ್ತರದ ಹನೋಯ್ ಮಾತಿನಲ್ಲಿ ಆರು ಟೋನ್‌ಗಳು: ಸಮವಾದ ಙಾಂಗ್, ಇಳಿಯುವ ಹ್ವಿಯೆನ್, ಏರುವ ಸಾಕ್, ಕೆಳಗೆ ಒತ್ತಿ ತುಂಡಾಗುವ ನಾಂಗ್, ಇಳಿದು ಬಾಗುವ ಹೋಯ್, ನಡುವೆ ಗಂಟಲು ಹಿಡಿದು ಮತ್ತೆ ಏರುವ ಙಾ. ‘ಮಾ’ ಎಂಬ ಒಂದೇ ತುಣುಕು ಈ ಆರರಲ್ಲಿ ದೆವ್ವ, ಆದರೆ, ಕೆನ್ನೆ, ಭತ್ತದ ಸಸಿ, ಗೋರಿ, ಕುದುರೆ ಆಗುತ್ತದೆ. ಸಮಾಧಾನದ ಸಂಗತಿ ಏನೆಂದರೆ, ಮಕ್ಕಳು ಟೋನ್‌ಗಳನ್ನು ವ್ಯಂಜನಗಳಿಗಿಂತ ಬಹಳ ಮೊದಲೇ ಹಿಡಿಯುತ್ತಾರೆ. ‘ಕಾ’ ಬದಲು ‘ತಾ’ ಎನ್ನುವ ಮಗು ಟೋನನ್ನು ಸಾಮಾನ್ಯವಾಗಿ ಸರಿಯಾಗೇ ಹೇಳುತ್ತದೆ. ಮನೆಯವರು ಅರ್ಥ ಹಿಡಿಯುವುದು ಅದೇ ಎಳೆಯಿಂದ. ಆ ಎಳೆ ನಿಮ್ಮ ಕಿವಿಗೆ ಕೇಳಿಸದು, ಅದಕ್ಕೇ ಕೆಳಗಿನ ಹಂತಗಳು.

ಏನೇನು ಬೇಕು

ಗದ್ದಲವಿಲ್ಲದ ಕೋಣೆ, ಒಳ್ಳೆಯ ರೆಕಾರ್ಡರ್ (ಈಗಿನ ಫೋನೂ ನಡೆಯುತ್ತದೆ, ಬಾಯಿಂದ ಒಂದು ಗೇಣು ದೂರದಲ್ಲಿಡಿ), ಚಿತ್ರಗಳು, ದುಭಾಷಿ, ಮಗುವನ್ನು ಎಂದೂ ಕಂಡಿರದ ಮೂರರಿಂದ ಐದು ವಿಯೆಟ್ನಾಮಿ ಭಾಷಿಕರು, ಪೋಷಕರ ಪ್ರಶ್ನಾವಳಿ. ಶ್ರವಣ ಪರೀಕ್ಷೆಯ ವರದಿಯೂ ಬೇಕು. ಕಿವಿ ಪರೀಕ್ಷೆಯಾಗದೆ ಉಚ್ಚಾರದ ಬಗ್ಗೆ ಏನನ್ನೂ ಹೇಳಬೇಡಿ.

ಹಂತ 1: ಮನೆಯ ಮಾತು ಯಾವ ಸೀಮೆಯದು ಎಂದು ತಿಳಿಯಿರಿ

ಹೆಚ್ಚಿನವರು ಹಾರಿಹೋಗುವ ಹಂತ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಹಳೇ ಮೈಸೂರು ಕಡೆಯ ಮಗು ‘ಹಾಲು’ ಎನ್ನಲು ‘ಆಲು’ ಎಂದರೆ ನೀವು ಅದನ್ನು ಚಿಕಿತ್ಸೆಗೆ ಹಾಕುತ್ತೀರಾ? ಮನೆಯಲ್ಲಿ ಅಪ್ಪ, ಅಜ್ಜಿ ಎಲ್ಲರೂ ಹಾಗೇ ಅನ್ನುವಾಗ ಅದು ದೋಷವಲ್ಲ, ಮನೆಮಾತು. ವಿಯೆಟ್ನಾಮಿಯಲ್ಲಿ ಇಂಥವು ಹೆಜ್ಜೆಹೆಜ್ಜೆಗೂ ಇವೆ.

ದಕ್ಷಿಣದಲ್ಲಿ, ಅಂದರೆ ಹೋ ಚಿ ಮಿನ್ ನಗರ, ಮೆಕಾಂಗ್ ಬಯಲಿನ ಕಡೆ, ಹೋಯ್ ಮತ್ತು ಙಾ ಟೋನ್‌ಗಳು ಒಂದಾಗಿ ಒಟ್ಟು ಐದೇ ಉಳಿಯುತ್ತವೆ. ಪದದ ಮೊದಲ ‘ವ’ ಆಡುಮಾತಿನಲ್ಲಿ ‘ಯ’ ಆಗುತ್ತದೆ. ಕೊನೆಯ ‘ನ್’ ಹಲವು ಕಡೆ ‘ಙ್’ ಆಗುತ್ತದೆ: ತಿನ್ನು ಎಂಬ ‘ಅನ್’ ಅಲ್ಲಿ ‘ಅಙ್’. ಉತ್ತರದಲ್ಲಿ ಬರಹದಲ್ಲಿ ಬೇರೆಯಾಗಿರುವ ಎರಡು ‘ಸ’ಗಳು ಬಾಯಲ್ಲಿ ಒಂದೇ. ಕೆಂಪುನದಿ ಬಯಲಿನ ಕೆಲವು ಹಳ್ಳಿಗಳಲ್ಲಿ ‘ಲ’, ‘ನ’ ಅದಲುಬದಲಾಗಿ ಹನೋಯ್ ‘ಹಲೋಯ್’ ಆಗುತ್ತದೆ. ಊರಿನವರೇ ಇದನ್ನು ನೋಯ್ ಙೊಂಗ್ ಎಂದು ಹಂಗಿಸುವುದುಂಟು, ಆದರೆ ಚಿಕಿತ್ಸಕರಿಗೆ ಅದು ದೋಷವಲ್ಲ. ನಡುನಾಡಿನ ಹ್ಯೂಎ ಕಡೆಯ ಮಾತಂತೂ ಹನೋಯ್‌ನವರಿಗೇ ಒಮ್ಮೆಲೇ ಹಿಡಿಯುವುದಿಲ್ಲ.

ಹೀಗೆ ಮಾಡಿ: ಮಗುವಿಗೆ ತೋರಿಸುವ ಚಿತ್ರಗಳನ್ನು ಮೊದಲು ತಾಯಿ ಅಥವಾ ತಂದೆಯಿಂದ ಹೇಳಿಸಿ ರೆಕಾರ್ಡ್ ಮಾಡಿ. ಮಗುವನ್ನು ಹೆಚ್ಚು ಹೊತ್ತು ನೋಡಿಕೊಳ್ಳುವುದು ಅಜ್ಜಿಯಾದರೆ ಅಜ್ಜಿಯಿಂದಲೂ. ಮಗುವಿನ ಉಚ್ಚಾರವನ್ನು ಇವರ ಉಚ್ಚಾರಕ್ಕೆ ಹೋಲಿಸಬೇಕು, ಪಠ್ಯಪುಸ್ತಕದ ವಿಯೆಟ್ನಾಮಿಗಲ್ಲ. ಆಸ್ಟ್ರೇಲಿಯಾದ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯದ ವಿಯೆಟ್‌ಸ್ಪೀಚ್ ತಂಡ ಮಕ್ಕಳ ಜೊತೆಗೆ ಮನೆಯ ದೊಡ್ಡವರ ಮಾತನ್ನೂ ದಾಖಲಿಸಿದ್ದು ಇದೇ ಕಾರಣಕ್ಕೆ.

*ಎಚ್ಚರಿಕೆ:* 1975ರಲ್ಲಿ ವಿಯೆಟ್ನಾಮ್ ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾಕ್ಕೆ ಬಂದ ಕುಟುಂಬಗಳಲ್ಲಿ ದಕ್ಷಿಣದವರು ಹೆಚ್ಚು. ಹಾಗೆಂದು ಎಲ್ಲರನ್ನೂ ದಕ್ಷಿಣಕ್ಕೆ ಸೇರಿಸಬೇಡಿ. ಒಂದೇ ಮನೆಯಲ್ಲಿ ಅಪ್ಪ ಉತ್ತರ, ಅಮ್ಮ ದಕ್ಷಿಣ ಇರಬಹುದು. ಮಗು ಎರಡನ್ನೂ ಬೆರೆಸಿದರೆ ಅದೂ ಸಹಜವೇ.

ಹಂತ 2: ನಿಮ್ಮ ಕಿವಿಯ ಮೋಸ ತಿಳಿದುಕೊಳ್ಳಿ

ಕನ್ನಡದ ಕಿವಿಗೆ ಒಂದೆರಡು ಲಾಭಗಳಿವೆ. ವಿಯೆಟ್ನಾಮಿಯಲ್ಲಿ ‘ತ’ ಬೇರೆ, ‘ಥ’ ಬೇರೆ. ಮೊಲಕ್ಕೆ ‘ಥೊ’, ಅದೇ ಟೋನಿನಲ್ಲಿ ‘ತೊ’ ಎಂದರೆ ನಿಚ್ಚಳ. ಇಂಗ್ಲಿಷ್ ಕಿವಿ ತಡವರಿಸುವಲ್ಲಿ ನಮ್ಮದು ತಡವರಿಸದು. ‘ಙ’ ಮತ್ತು ‘ಞ’ಗಳನ್ನು ನಾವು ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಬಿಟ್ಟಿದ್ದೇವೆ, ಅವರಲ್ಲಿ ಪದಗಳು ಅವುಗಳಿಂದಲೇ ಶುರುವಾಗುತ್ತವೆ.

ಮೋಸ ಹೋಗುವ ಜಾಗಗಳು ಇವು:

ಏರುವ ಸಾಕ್ ಟೋನ್ ನಮಗೆ ಪ್ರಶ್ನೆಯಂತೆ ಕೇಳುತ್ತದೆ. ಮಗು ‘ಮೀನು’ ಎಂದು ಹೆಸರು ಹೇಳಿದ್ದನ್ನು ‘ಮೀನಾ?’ ಎಂದು ಕೇಳಿದ ಹಾಗೆ ಬರೆದುಕೊಳ್ಳುತ್ತೇವೆ.

ಹನೋಯ್ ಮಾತಿನ ಙಾ ಮತ್ತು ನಾಂಗ್‌ನಲ್ಲಿ ಗಂಟಲು ಬಿಗಿಯುತ್ತದೆ, ದನಿ ಒಡೆದಂತಾಗುತ್ತದೆ. ಇದನ್ನು ಧ್ವನಿಪೆಟ್ಟಿಗೆಯ ತೊಂದರೆ ಎಂದು ಬರೆದು ಗಂಟಲು ವೈದ್ಯರ ಹತ್ತಿರ ಕಳಿಸಬೇಡಿ. ಆ ಒಡಕೇ ಟೋನಿನ ಗುರುತು.

ಪದದ ಕೊನೆಯ ಪ್, ತ್, ಕ್ ಅಲ್ಲಿ ಬಿಡುಗಡೆಯಾಗುವುದಿಲ್ಲ, ಗಾಳಿ ಹೊರಬೀಳದೆ ಒಳಗೇ ತಡೆದು ಮುಗಿಯುತ್ತದೆ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ನಮಗೆ ‘ಕೊನೆಯ ವ್ಯಂಜನ ಬಿಟ್ಟಿದೆ’ ಅನಿಸುತ್ತದೆ. ಆಡಿಯೋ ಮಾತ್ರ ನಂಬಬೇಡಿ, ವಿಡಿಯೋ ತೆಗೆದು ತುಟಿ ನೋಡಿ.

ತುಟಿ ನೋಡುವಾಗ ಇನ್ನೊಂದು ಬಲೆ. ಅಜ್ಜ ಎಂಬರ್ಥದ ‘ಓಂಗ್’ ಹೇಳುವಾಗ ದೊಡ್ಡವರೂ ಕೊನೆಗೆ ತುಟಿ ಮುಚ್ಚುತ್ತಾರೆ. ಉ, ಓ ತರಹದ ದುಂಡು ಸ್ವರದ ನಂತರ ಬರುವ ‘ಙ್’, ‘ಕ್’ಗಳ ಸ್ವಭಾವವೇ ಹಾಗೆ. ‘ಙ್ ಬದಲು ಮ್ ಹೇಳಿತು’ ಎಂದು ತಪ್ಪು ಗುರುತಿಸಿದರೆ ಮಗುವಿನ ತಪ್ಪಲ್ಲ, ನಿಮ್ಮದು.

ಹಂತ 3: ಪೋಷಕರಿಂದ ಏಳು ಪ್ರಶ್ನೆಗಳ ಹಾಳೆ ತುಂಬಿಸಿ

ಇದಕ್ಕೆ ‘ಇಂಟೆಲಿಜಿಬಿಲಿಟಿ ಇನ್ ಕಾಂಟೆಕ್ಸ್ಟ್ ಸ್ಕೇಲ್’ ಎಂದು ಹೆಸರು. ಶರಿನ್ ಮೆಕ್ಲಿಯಾಡ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. ಉಚಿತ, ಹಲವು ಭಾಷೆಗಳಲ್ಲಿದೆ. ವಿಯೆಟ್ನಾಮಿ ಆವೃತ್ತಿಯನ್ನು ಉತ್ತರ ವಿಯೆಟ್ನಾಮಿನ ಮಕ್ಕಳ ಪೋಷಕರಿಂದ ತುಂಬಿಸಿ ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಬಂತು. ನೀವೇ ಅನುವಾದಿಸಿಕೊಳ್ಳುವ ಸಾಹಸ ಬೇಡ.

ಕಳೆದ ಒಂದು ತಿಂಗಳಲ್ಲಿ ಮಗುವಿನ ಮಾತು ಏಳು ಬಗೆಯ ಜನರಿಗೆ ಎಷ್ಟು ಅರ್ಥವಾಯಿತು ಎಂದು ಅದು ಕೇಳುತ್ತದೆ: ನಿಮಗೆ, ಮನೆಯ ಹತ್ತಿರದವರಿಗೆ, ದೂರದ ನೆಂಟರಿಗೆ, ಮಗುವಿನ ಗೆಳೆಯರಿಗೆ, ಪರಿಚಯದವರಿಗೆ, ಶಿಕ್ಷಕರಿಗೆ, ಅಪರಿಚಿತರಿಗೆ. ‘ಯಾವಾಗಲೂ’ ಎಂದರೆ 5, ‘ಎಂದೂ ಇಲ್ಲ’ ಎಂದರೆ 1. ಕೂಡಿ ಏಳರಿಂದ ಭಾಗಿಸಿ. ಉದಾಹರಣೆಗೆ 5, 5, 4, 4, 3, 3, 2 ಬಂದರೆ ಒಟ್ಟು 26, ಸರಾಸರಿ 3.7.

ಇಂಗ್ಲಿಷ್ ಮಾತನಾಡುವ ಆಸ್ಟ್ರೇಲಿಯಾದ 803 ಶಾಲಾಪೂರ್ವ ಮಕ್ಕಳಲ್ಲಿ ಈ ಸರಾಸರಿ 4.4 ಬಂದಿತ್ತು. ನಾನು 4ಕ್ಕಿಂತ ಕೆಳಗೆ ಕಂಡರೆ ಪೂರ್ತಿ ಪರೀಕ್ಷೆಗೆ ಹೋಗುತ್ತೇನೆ. ಆದರೆ ಸರಾಸರಿಗಿಂತ ಹೆಚ್ಚು ಹೇಳುವುದು ಮೊದಲ ಅಂಕಕ್ಕೂ ಕೊನೆಯ ಅಂಕಕ್ಕೂ ನಡುವಿನ ಇಳಿಜಾರು. 5ರಿಂದ 2ಕ್ಕೆ ಇಳಿದರೆ, ಮನೆಯವರು ಪದಗಳನ್ನು ಕೇಳುತ್ತಿಲ್ಲ, ಊಹಿಸುತ್ತಿದ್ದಾರೆ ಎಂದರ್ಥ. ಎಲ್ಲ 3 ಇದ್ದರೆ ಕಥೆ ಬೇರೆ, ಮನೆಯವರಿಗೂ ಕಷ್ಟವಾಗುತ್ತಿದೆ.

*ಎಚ್ಚರಿಕೆ:* ವಲಸೆ ಹೋದ ಮನೆಗಳಲ್ಲಿ ಈ ಹಾಳೆ ಒಂದು ಸಾಲದು. ಅಜ್ಜಿ ಕೇಳುವುದು ವಿಯೆಟ್ನಾಮಿ, ಟೀಚರ್ ಕೇಳುವುದು ಇಂಗ್ಲಿಷ್, ಬಸ್ಸಿನಲ್ಲಿ ಸಿಗುವ ಅಪರಿಚಿತರೂ ಇಂಗ್ಲಿಷಿನವರೇ. ಒಂದೇ ಹಾಳೆಯಲ್ಲಿ ಎರಡು ಭಾಷೆಯ ಅಂಕ ಕಲಸಿಹೋಗುತ್ತದೆ. ಎರಡು ಪ್ರತಿ ಕೊಡಿ, ಭಾಷೆಗೊಂದು. ವಿಯೆಟ್ನಾಮಿ ಹಾಳೆಯ ‘ಅಪರಿಚಿತರು’ ಎಂದರೆ ವಿಯೆಟ್ನಾಮಿ ಅಂಗಡಿಯವರು, ದೇವಸ್ಥಾನದಲ್ಲಿ ಸಿಗುವ ಹಿರಿಯರು ಎಂದು ಬಿಡಿಸಿ ಹೇಳಿ.

ಹಂತ 4: ಮಗುವಿನ ಮಾತು ರೆಕಾರ್ಡ್ ಮಾಡಿ

ಎರಡು ಬಗೆ ಬೇಕು. ಒಂದು, ಚಿತ್ರ ನೋಡಿ ಬಿಡಿ ಪದ ಹೇಳುವುದು. ಎಲ್ಲ ಆದಿ ವ್ಯಂಜನ, ಅಂತ್ಯ ವ್ಯಂಜನ, ಟೋನ್‌ಗಳೂ ಬರುವ ಪಟ್ಟಿ ಇರಲಿ. ಎರಡು, ಸರಾಗ ಮಾತು: ಆಟ ಆಡುತ್ತಲೋ ಕಥೆ ಹೇಳುತ್ತಲೋ. ನೂರು ತಿಯೆಂಗ್‌ಗೆ ಕಡಿಮೆಯಿಲ್ಲದಂತೆ ನೋಡಿಕೊಳ್ಳಿ. ನಾಚುವ ಮಗುವಿಗೆ ಎರಡನೇ ದಿನ ಬೇಕಾಗಬಹುದು.

ವಾಕ್ಯ ಆರಿಸುವಾಗ ಜಾಣತನ ಬೇಕು. ಮಗು ‘ತೊನ್ ಮೇವ್ ಅನ್ ತಾ’ ಎಂದಿತು ಅನ್ನಿ. ಹೇಳಬೇಕಿದ್ದುದು ‘ಕೊನ್ ಮೇವ್ ಅನ್ ಕಾ’, ಬೆಕ್ಕು ಮೀನು ತಿಂತು. ಕೇಳಿದವರೆಲ್ಲ ಸರಿಯಾಗೇ ಬರೆಯುತ್ತಾರೆ, ಬೆಕ್ಕು ಇನ್ನೇನು ತಿನ್ನುತ್ತದೆ! ಅದೇ ಮಗು ‘ಮೆ ಮುವಾ ತಾ’ ಎಂದರೆ, ಅಂದರೆ ‘ಅಮ್ಮ ಮೀನು ಕೊಂಡಳು’ ಎನ್ನಲು ಹೊರಟರೆ, ಅಮ್ಮ ಸಾವಿರ ಸಾಮಾನು ಕೊಂಡಿರಬಹುದು. ಊಹೆ ನೆಲ ಕಚ್ಚುತ್ತದೆ. ಮೊದಲ ತರಹದ ವಾಕ್ಯಗಳೇ ತುಂಬಿದರೆ ಅಂಕ ಸುಳ್ಳು ಹೇಳುತ್ತದೆ. ಎರಡೂ ಬೆರೆತಿರಲಿ.

ಹಂತ 5: ಕೇಳುಗರನ್ನು ಆರಿಸಿ, ಬರೆಸಿ, ಎಣಿಸಿ

ಕೇಳುಗರು ಮಗುವಿಗೆ ಅಪರಿಚಿತರು, ಮಗುವಿನ ಮನೆಯ ಸೀಮೆಯ ಮಾತೇ ಆಡುವವರು ಆಗಿರಬೇಕು. ದಕ್ಷಿಣದ ಮಗುವಿನ ಮಾತನ್ನು ಹನೋಯ್‌ನ ವಿದ್ಯಾರ್ಥಿನಿಗೆ ಕೇಳಿಸಿದರೆ ನೀವು ಅಳೆಯುವುದು ಉಚ್ಚಾರದ ತೊಂದರೆಯನ್ನಲ್ಲ, ಎರಡು ಊರುಗಳ ನಡುವಿನ ದೂರವನ್ನು. ಪರೀಕ್ಷೆಯಲ್ಲಿ ಕೂತ ದುಭಾಷಿ ಕೇಳುಗರಾಗಿ ಬೇಡ, ಅವರು ಚಿತ್ರಗಳನ್ನು ನೋಡಿಯಾಗಿದೆ.

ಪ್ರತಿ ವಾಕ್ಯವನ್ನು ಎರಡು ಸಲ ಮಾತ್ರ ಕೇಳಿಸಿ. ಕೇಳಿದ್ದನ್ನು ವಿಯೆಟ್ನಾಮಿ ಲಿಪಿಯಲ್ಲಿ ಬರೆಯಲಿ, ತಿಳಿಯದಿದ್ದಲ್ಲಿ ಗೆರೆ ಎಳೆಯಲಿ. ಇಲ್ಲಿ ಆ ಭಾಷೆಯೇ ನಿಮಗೆ ನೆರವಾಗುತ್ತದೆ: ಅವರ ಬರವಣಿಗೆಯಲ್ಲಿ ಪ್ರತಿ ತಿಯೆಂಗ್‌ನ ನಡುವೆಯೂ ಜಾಗ ಬಿಡುತ್ತಾರೆ. ಹೀಗಾಗಿ ಭಾಷೆ ಬರದವರೂ ಎಣಿಸಬಹುದು. ನೂರು ತಿಯೆಂಗ್‌ನಲ್ಲಿ ಅರವತ್ತೆರಡು ತಾಳೆಯಾದರೆ 62 ಪ್ರತಿಶತ. ಎಲ್ಲ ಕೇಳುಗರ ಸರಾಸರಿ ತೆಗೆಯಿರಿ, ಜೊತೆಗೆ ಅತಿ ಹೆಚ್ಚು, ಅತಿ ಕಡಿಮೆ ಎಷ್ಟೆಂದೂ ಬರೆದಿಡಿ.

*ಎಚ್ಚರಿಕೆ:* ಕೇಳುಗರ ಕಾಗುಣಿತದ ತಪ್ಪನ್ನು ಮಗುವಿನ ಲೆಕ್ಕಕ್ಕೆ ಹಾಕಬೇಡಿ. ಹಾಲಿಗೆ ‘ಸುಅ’ ಎಂದು ಙಾ ಟೋನಿನಲ್ಲಿ ಬರೆಯಬೇಕು. ಅದನ್ನೇ ಹೋಯ್ ಟೋನಿನಲ್ಲಿ ಬರೆದರೆ ‘ರಿಪೇರಿ ಮಾಡು’ ಎಂದಾಗುತ್ತದೆ. ದಕ್ಷಿಣದವರ ಬಾಯಲ್ಲಿ ಎರಡೂ ಒಂದೇ ಆದ್ದರಿಂದ ಬರೆಯುವಾಗ ಗುರುತು ತಪ್ಪುತ್ತದೆ. ನಮ್ಮಲ್ಲಿ ಶ–ಷ ತಪ್ಪಿದ ಹಾಗೆ. ಆ ಸೀಮೆಯಲ್ಲಿ ಒಂದೇ ರೀತಿ ಕೇಳುವ ಪದಗಳಿಗೆಲ್ಲ ಪೂರ್ತಿ ಅಂಕ ಕೊಡಿ.

ಹಂತ 6: ಅಂಕವನ್ನು ಓದಿ

ಎರಡು ವರ್ಷಕ್ಕೆ ಅರ್ಧ, ಮೂರಕ್ಕೆ ಮುಕ್ಕಾಲು, ನಾಲ್ಕಕ್ಕೆ ಪೂರ್ತಿ ಅಪರಿಚಿತರಿಗೆ ಅರ್ಥವಾಗಬೇಕು ಎಂಬ ಹಳೆಯ ಸೂತ್ರ ನಿಮಗೆ ಗೊತ್ತಿರುತ್ತದೆ. ಅದು ಇಂಗ್ಲಿಷ್ ಮಕ್ಕಳಿಂದ ಹುಟ್ಟಿದ್ದು. ಒಂದೊಂದು ತಿಯೆಂಗೂ ಇಷ್ಟು ಭಾರ ಹೊರುವ ಭಾಷೆಗೆ ಅದನ್ನು ಹಾಗೇ ಅಂಟಿಸಬೇಡಿ.

ಪ್ರತಿಶತ ಒಂದೇ ರೋಗನಿರ್ಣಯವಲ್ಲ. ಧ್ವನಿ ತಪ್ಪುಗಳ ಪಟ್ಟಿಯನ್ನು ಪಕ್ಕದಲ್ಲಿಡಿ. ಎರಡು ಭಾಷೆಯ ಮಗುವಾದರೆ ಎರಡರಲ್ಲೂ ನೋಡಿ: ನಿಜವಾದ ಉಚ್ಚಾರಣಾ ತೊಂದರೆ ಎರಡೂ ಭಾಷೆಯಲ್ಲಿ ಮುಖ ತೋರಿಸುತ್ತದೆ. ‘ಕ’ ಬದಲು ‘ತ’ ವಿಯೆಟ್ನಾಮಿಯಲ್ಲೂ ಇಂಗ್ಲಿಷಿನಲ್ಲೂ ಬಂದರೆ ಯೋಚಿಸಬೇಕು. ವಿಯೆಟ್ನಾಮಿ ಸ್ವಚ್ಛವಾಗಿದ್ದು ಇಂಗ್ಲಿಷಿನಲ್ಲಿ ‘ಬುಕ್ಸ್’ ಎನ್ನಲು ‘ಬುಕ್’ ಎಂದರೆ ಅದು ಮನೆಭಾಷೆಯ ನೆರಳು, ಅಷ್ಟೇ.

ಟೋನ್‌ಗಳೂ ಕೆಟ್ಟಿದ್ದರೆ ತಡಮಾಡಬೇಡಿ. ಬೇಗ ಬರಬೇಕಾದದ್ದೇ ಬಂದಿಲ್ಲ ಎಂದರೆ ಕಿವಿಯಿಂದ ಹಿಡಿದು ಎಲ್ಲವನ್ನೂ ಮತ್ತೆ ನೋಡಬೇಕು.

ಹಂತ 7: ಮನೆಯವರಿಗೆ ತಿಳಿಸಿ, ಮತ್ತೆ ಅಳೆಯಿರಿ

ವಿಯೆಟ್ನಾಮಿನಲ್ಲಿ ಈ ವೃತ್ತಿ ಹೊಸದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರದ್ದಾದರೆ, ಹೋ ಚಿ ಮಿನ್ ನಗರದ ಫಾಮ್ ಙೊಕ್ ಥಾಕ್ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ವಾಕ್ ಚಿಕಿತ್ಸೆಯ ಮೊದಲ ತಂಡ ತರಬೇತಿ ಮುಗಿಸಿದ್ದು 2012ರಲ್ಲಿ. ‘ಅಮ್ ಙು ಚಿ ಲಿಯೆವ್’ ಎಂಬ ಅದರ ಹೆಸರನ್ನೇ ಅಜ್ಜ ಅಜ್ಜಿ ಕೇಳಿರಲಿಕ್ಕಿಲ್ಲ. ಪ್ರತಿಶತ ಹೇಳುವ ಬದಲು ರೆಕಾರ್ಡಿಂಗಿನಿಂದ ಎರಡು ವಾಕ್ಯ ಕೇಳಿಸಿ, ಕೇಳುಗರು ಏನು ಬರೆದರು ಎಂದು ತೋರಿಸಿ. ‘ಮೀನು’ ಇದ್ದಲ್ಲಿ ‘ಡಜನ್’ ಕಂಡಾಗ ಯಾರಿಗೂ ವಿವರಣೆ ಬೇಕಾಗುವುದಿಲ್ಲ.

‘ಹಾಗಾದರೆ ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಲೇ?’ ಎಂದು ಕೇಳಿಯೇ ಕೇಳುತ್ತಾರೆ. ಬೇಡ ಎಂದು ಸ್ಪಷ್ಟವಾಗಿ ಹೇಳಿ. ಎರಡು ಭಾಷೆಯಿಂದ ಉಚ್ಚಾರಣಾ ತೊಂದರೆ ಹುಟ್ಟುವುದಿಲ್ಲ. ಒಂದನ್ನು ಬಿಡಿಸಿದರೆ ಅದು ಹೋಗುವುದೂ ಇಲ್ಲ, ಅಜ್ಜಿಯ ಜೊತೆಗಿನ ಮಾತು ಹೋಗುತ್ತದೆ.

ಚಿಕಿತ್ಸೆಗೆ ಮೊದಲ ಧ್ವನಿ ಆರಿಸುವಾಗ ಕೇಳುಗರ ಹಾಳೆಗಳನ್ನೇ ಹರಡಿಕೊಳ್ಳಿ. ಯಾವ ತಪ್ಪು ಅವರನ್ನು ಅತಿ ಹೆಚ್ಚು ಸಲ ದಾರಿ ತಪ್ಪಿಸಿತೋ ಅಲ್ಲಿಂದ ಶುರುಮಾಡಿ. ಏಳು ಪ್ರಶ್ನೆಗಳ ಹಾಳೆ ಕಳೆದ ತಿಂಗಳ ಬಗ್ಗೆ ಕೇಳುವುದರಿಂದ ತಿಂಗಳೊಳಗೆ ಮತ್ತೆ ತುಂಬಿಸಿ ಪ್ರಯೋಜನವಿಲ್ಲ. ಎರಡನೇ ಸಲ ರೆಕಾರ್ಡಿಂಗ್ ಕೇಳಿಸುವಾಗ ಹೊಸ ಕೇಳುಗರನ್ನೇ ಹುಡುಕಿ. ಹಳಬರಿಗೆ ಆ ಮಗುವಿನ ‘ತಾ’ ಎಂದರೆ ಮೀನು ಎಂದು ಗೊತ್ತಾಗಿಬಿಟ್ಟಿರುತ್ತದೆ.